ಲೈನರಿನ ಸವೆತ ಓದುವ ಬಗೆ: ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಎಂಜಿನ್ ಕೆಲಸದ ಬಗ್ಗೆ ಒಂದು ಟಿಪ್ಪಣಿ

ಡೀಸೆಲ್ ಎಂಜಿನ್ ಬಿಚ್ಚುವ ವರ್ಕ್‌ಶಾಪುಗಳ ಹಿತ್ತಿಲಲ್ಲಿ ಹಳೆಯ ಲೈನರುಗಳು ಬಿದ್ದಿರುತ್ತವೆ. ಗೇಣುದ್ದದ, ಎರಡೂ ಕಡೆ ಬಾಯಿ ಬಿಟ್ಟ, ಎರಕದ ಕಬ್ಬಿಣದ ಕೊಳವೆಗಳು. ಮಳೆಗೆ ನೆಂದು ಕೆಂಪಾಗಿ ಗುಜರಿಯವನ ದಾರಿ ಕಾಯುತ್ತಿರುತ್ತವೆ. ಈ ಸೀಮೆಯ ಎಂಜಿನ್ನುಗಳು ಹೇಗೆ ಬಾಳಿದವು, ಯಾತಕ್ಕೆ ಸತ್ತವು ಎಂದು ತಿಳಿಯಬೇಕಾದವರಿಗೆ ಆ ರಾಶಿಗಿಂತ ಒಳ್ಳೆಯ ಆಕರವಿಲ್ಲ. ಬಿಲ್ಲು ಪುಸ್ತಕದಲ್ಲಿ 'ಲೈನರ್ ಪಿಸ್ಟನ್ ಕಿಟ್ ಹಾಕಿದೆ' ಎಂಬ ಒಂದು ಸಾಲು ಸಿಕ್ಕೀತು. ಹಳೆಯದನ್ನು ಏಕೆ ಕಿತ್ತರು ಎನ್ನುವುದು ಅದರಲ್ಲಿ ಇರುವುದಿಲ್ಲ. ಈ ಟಿಪ್ಪಣಿಯ ವಾದ ಚಿಕ್ಕದು. ಲೈನರ್ ಎಷ್ಟು ಸವೆದಿದೆ ಎಂದು ಅಳೆದರೆ ಅರ್ಧ ಕೆಲಸವಾಯಿತು. ಎಲ್ಲಿ ಸವೆದಿದೆ, ಯಾವ ದಿಕ್ಕಿಗೆ ಸವೆದಿದೆ, ಸವೆದ ಜಾಗ ಹೇಗೆ ಕಾಣುತ್ತದೆ ಎಂದು ನೋಡಿದರೆ ಉಳಿದರ್ಧ. ಮಂಡ್ಯ ಸೀಮೆಯಲ್ಲಿ ಸವೆತ ತರುವ ಶತ್ರುಗಳು ಮುಖ್ಯವಾಗಿ ಇಬ್ಬರು, ತಣ್ಣೀರು ಮತ್ತು ದೂಳು. ಒಂದರ ಮದ್ದು ಇನ್ನೊಂದಕ್ಕೆ ಆಗುವುದಿಲ್ಲ.

ಮೊದಲು ನೆಲದ ಮಾತು. ಕೃಷ್ಣರಾಜಸಾಗರದ ನೀರು ಹುಲಿಕೆರೆ ಸುರಂಗ ದಾಟಿ ಅಂದಿನ ಇರ್ವಿನ್ ನಾಲೆಯಲ್ಲಿ, ಇಂದಿನ ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬಂದ ಮೇಲೆ ಇಲ್ಲಿ ಕಬ್ಬು ಬಂತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. 1939ರಲ್ಲಿ ಮಂಡ್ಯ ಜಿಲ್ಲೆಯೇ ಆಯಿತು. ಕಾರ್ಖಾನೆಗೆ ಹೋಗದ ಕಬ್ಬು ಆಲೆಮನೆಗೆ ಹೋಗುತ್ತಿತ್ತು, ಈಗಲೂ ಹೋಗುತ್ತದೆ. ಎತ್ತು ಕಟ್ಟಿ ತಿರುಗಿಸುತ್ತಿದ್ದ ಗಾಣಕ್ಕೆ ಆಯಿಲ್ ಎಂಜಿನ್ ಬಂತು, ಆಮೇಲೆ ಕರೆಂಟಿನ ಮೋಟಾರು ಬಂತು. ಇಲ್ಲೊಂದು ತಮಾಷೆಯಿದೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ತಯಾರಾಗಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ಅದೇ ತಾಲ್ಲೂಕಿನ ಹೊಲಗಳಲ್ಲಿ ಅದಾಗಿ ದಶಕಗಳವರೆಗೆ ನೀರೆತ್ತಿದ್ದು ಡೀಸೆಲ್ಲು. ಈಗ ಪಂಪಿನ ಕೆಲಸ ಬಹುಪಾಲು ಮೋಟಾರಿನದು. ಡೀಸೆಲ್ ಎಂಜಿನ್ ಟ್ರ್ಯಾಕ್ಟರಿನಲ್ಲಿ, ಲಾರಿಯಲ್ಲಿ, ಜನರೇಟರಿನಲ್ಲಿ, ನಾಲೆಯ ಕೊನೇ ಭಾಗದವರು ಹಳ್ಳಕ್ಕೋ ಕೆರೆಗೋ ಇಳಿಸುವ ಸಣ್ಣ ಪಂಪಿನಲ್ಲಿ ಉಳಿದಿದೆ.

ಪದದ ಬಗ್ಗೆಯೂ ಒಂದು ಮಾತು ಹೇಳಿಬಿಡಬೇಕು. ನಮ್ಮ ಕಡೆ 'ಬೋರು' ಎಂದರೆ ಎರಡು. ಹೊಲದಲ್ಲಿ ಕೊರೆಸುವುದೂ ಬೋರು, ಎಂಜಿನ್ನಿನಲ್ಲಿ ಪಿಸ್ಟನ್ ಆಡುವ ತೂತೂ ಬೋರು. ಹೊಲದ ಬೋರಿನ ನೀರೇ ಎಂಜಿನ್ನಿನ ಬೋರು ಕೆಡಿಸುತ್ತದೆ ಎಂಬುದು ಮುಂದೆ ಬರುತ್ತದೆ, ಹಾಗಾಗಿ ಈ ಗೊಂದಲವನ್ನು ನಾನು ಬಿಡಿಸಲು ಹೋಗುವುದಿಲ್ಲ. ಲೈನರ್ ಎಂದರೆ ಆ ತೂತಿನ ಒಳಗೆ ಕೂರಿಸಿದ ಬದಲಿ ಗೋಡೆ. ಸುತ್ತ ಕೂಲಿಂಗ್ ನೀರು ನೇರವಾಗಿ ತಗಲುವಂತಿದ್ದರೆ ವೆಟ್ ಲೈನರ್. ಬ್ಲಾಕಿನ ಕಬ್ಬಿಣದೊಳಗೆ ತೋಳಿನಂತೆ ತೂರಿಸಿದ ತೆಳು ಕೊಳವೆಯಾದರೆ ಡ್ರೈ ಲೈನರ್, ರೂಢಿಯಲ್ಲಿ ಸ್ಲೀವ್. ಝೆಟರ್ ಮೂಲದ ಎಚ್‌ಎಂಟಿ ಟ್ರ್ಯಾಕ್ಟರಿನದು ವೆಟ್. ಮೆಸ್ಸಿ ಟ್ರ್ಯಾಕ್ಟರುಗಳ ಹಳೆಯ ಪರ್ಕಿನ್ಸ್ ಮೂಲದ 3 ಸಿಲಿಂಡರ್ ಎಂಜಿನ್ನಿನದು ಡ್ರೈ, ಬೋರು 91.44 ಮಿ.ಮೀ., ಅಂದರೆ 3.6 ಇಂಚು.

ಸವೆತದ ಅಂದಾಜು ಸಿಗಬೇಕಾದರೆ ಒಂದು ಲೆಕ್ಕ ಹಾಕಬಹುದು. ಪಂಪ್‌ಸೆಟ್ಟುಗಳಲ್ಲಿ ಮನೆಮಾತಾದ ಕಿರ್ಲೋಸ್ಕರ್ ಎವಿ1 ಎಂಜಿನ್ನಿನ ಬೋರು 80 ಮಿ.ಮೀ., ಸ್ಟ್ರೋಕು 110 ಮಿ.ಮೀ., ನಿಮಿಷಕ್ಕೆ 1500 ಸುತ್ತು. ಸುತ್ತಿಗೆ ಎರಡು ಸಲದಂತೆ ಪಿಸ್ಟನ್ ನಿಮಿಷಕ್ಕೆ 3000 ಸಲ ಲೈನರಿನ ಉದ್ದಕ್ಕೂ ಓಡುತ್ತದೆ. ಗಂಟೆಗೆ ಸುಮಾರು 20 ಕಿಲೋಮೀಟರ್. ಮಂಡ್ಯದಿಂದ ಮದ್ದೂರಿಗೆ ಇರುವ ದೂರವೂ ಹೆಚ್ಚುಕಡಿಮೆ ಅಷ್ಟೇ. ಒಂದು ಗಂಟೆ ನೀರು ಹಾಯಿಸುವಷ್ಟರಲ್ಲಿ ರಿಂಗು ಗೇಣುದ್ದದ ಗೋಡೆಯ ಮೇಲೆ ಮಂಡ್ಯದಿಂದ ಮದ್ದೂರಿಗೆ ಉಜ್ಜಿಕೊಂಡು ಹೋಗಿರುತ್ತದೆ. ನಡುವೆ ಇರುವುದು ಮೈಕ್ರಾನ್ ಲೆಕ್ಕದ ಆಯಿಲ್ ಪದರ ಮಾತ್ರ.

ಆ ದಾರಿ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಪಿಸ್ಟನ್ ಮೇಲಕ್ಕೆ ಹೋಗಿ ತಿರುಗುವ ಜಾಗದಲ್ಲಿ ರಿಂಗು ಒಂದು ಕ್ಷಣ ನಿಲ್ಲುತ್ತದೆ. ನಿಂತಾಗ ಆಯಿಲ್ ಪದರ ಕಡಿದುಹೋಗುತ್ತದೆ. ಅದೇ ಹೊತ್ತಿಗೆ ಉರಿಯ ಒತ್ತಡ ರಿಂಗಿನ ಹಿಂದೆ ನುಗ್ಗಿ ಅದನ್ನು ಗೋಡೆಗೆ ಒತ್ತುತ್ತದೆ. ಹಾಗಾಗಿ ಮೇಲಿನ ರಿಂಗು ತಿರುಗುವ ಗೆರೆಯಲ್ಲಿ ಸವೆತ ಅತಿ ಹೆಚ್ಚು. ಅದಕ್ಕೂ ಮೇಲೆ, ರಿಂಗು ಮುಟ್ಟದ ಜಾಗದಲ್ಲಿ ಸವೆತವೇ ಇಲ್ಲ. ಇವೆರಡರ ನಡುವೆ ಒಂದು ಮೆಟ್ಟಿಲು ಏಳುತ್ತದೆ. ಮೇಸ್ತ್ರಿಗಳು 'ಸ್ಟೆಪ್ ಬಿದ್ದಿದೆ' ಎನ್ನುವುದು ಇದಕ್ಕೇ. ಹೆಡ್ ಬಿಚ್ಚಿದ ಕೂಡಲೇ ಉಗುರನ್ನು ಕೆಳಗಿನಿಂದ ಮೇಲಕ್ಕೆ ಎಳೆದು ನೋಡುತ್ತಾರೆ. ತಡೆದು ನಿಂತರೆ ಮುಖ ಸಪ್ಪಗಾಗುತ್ತದೆ. ಆ ಸ್ಟೆಪ್ ಇದ್ದ ಹಾಗೇ ಬಿಟ್ಟು ಹೊಸ ರಿಂಗು ಹಾಕಿದರೆ, ಹೊಸ ರಿಂಗಿನ ಚೂಪು ಅಂಚು ಮೆಟ್ಟಿಲಿಗೆ ಬಡಿದು ಮುರಿಯಬಹುದು. ರಿಂಗು ಮಾತ್ರ ಬದಲಿಸಿ ದುಡ್ಡು ಉಳಿಸಿದೆ ಎಂದುಕೊಂಡವರು ಮತ್ತೆ ಎಂಜಿನ್ ಬಿಚ್ಚಿಸುವುದು ಬಹುಮಟ್ಟಿಗೆ ಈ ಕಾರಣಕ್ಕೆ.

ಈಗ ತಣ್ಣೀರಿನ ವಿಚಾರ. ಹೊಲದ ಪಂಪ್‌ಸೆಟ್ಟಿಗೆ ರೇಡಿಯೇಟರ್ ಇರುವುದಿಲ್ಲ. ಪಂಪು ಎತ್ತುವ ನೀರಿನಲ್ಲೇ ಒಂದು ಕವಲು ಪೈಪು ಎಂಜಿನ್ನಿನ ಹೊಟ್ಟೆಗೆ ಹೋಗಿ, ಇನ್ನೊಂದು ಕಡೆಯಿಂದ ಹೊರಕ್ಕೆ ಬಿದ್ದು ಕಾಲುವೆ ಸೇರುತ್ತದೆ. ಸುಲಭದ ಏರ್ಪಾಡು. ರೈತನ ಕಣ್ಣಿಗೆ, ಹೊರಗೆ ಬೀಳುವ ನೀರು ತಣ್ಣಗಿದ್ದಷ್ಟೂ ಎಂಜಿನ್ ಸುಖವಾಗಿದೆ. ಹಾಗಾಗಿ ಕೊಳಾಯಿಯನ್ನು ಪೂರ್ತಿ ತಿರುಗಿಸಿ ಬಿಡುತ್ತಾನೆ. ಲೈನರಿಗೆ ಅದೇ ಮಾರಿ. ಡೀಸೆಲ್ ಉರಿದಾಗ ನೀರಿನ ಆವಿ ಹುಟ್ಟುತ್ತದೆ, ಇಂಧನದಲ್ಲಿರುವ ಗಂಧಕ ಉರಿದು ಆಕ್ಸೈಡಾಗುತ್ತದೆ. ಗೋಡೆ ಬಿಸಿಯಾಗಿದ್ದರೆ ಎರಡೂ ಹೊಗೆಕೊಳವೆಯಲ್ಲಿ ಹೊರಗೆ ಹೋಗುತ್ತವೆ. ಗೋಡೆ ತಣ್ಣಗಿದ್ದರೆ ಅಲ್ಲೇ ಬೆವರಾಗಿ ಕೂತು ಗಂಧಕಾಮ್ಲವಾಗುತ್ತವೆ. ಆಮ್ಲ ಕಬ್ಬಿಣವನ್ನು ಕಚ್ಚುತ್ತದೆ, ಕಚ್ಚಿ ಸಡಿಲವಾದುದನ್ನು ರಿಂಗು ಕೆರೆದು ಒಯ್ಯುತ್ತದೆ, ಹೊಸ ಮೈ ಮತ್ತೆ ಆಮ್ಲಕ್ಕೆ ಸಿಗುತ್ತದೆ. ಇದು ಹೊಸ ಶೋಧವೇನಲ್ಲ. ಇಂಗ್ಲೆಂಡಿನ ಆಟೊಮೊಬೈಲ್ ಎಂಜಿನಿಯರುಗಳ ಸಂಸ್ಥೆಯಲ್ಲಿ ಸಿ. ಜಿ. ವಿಲಿಯಮ್ಸ್ 1930ರ ದಶಕದಲ್ಲಿ ನಡೆಸಿದ ಪ್ರಯೋಗಗಳು, ಸಿಲಿಂಡರ್ ಗೋಡೆ ಒಂದು ಮಟ್ಟಕ್ಕಿಂತ ತಣ್ಣಗಾದರೆ ಸವೆತ ಒಮ್ಮೆಗೇ ಏರುತ್ತದೆ ಎಂದು ತೋರಿಸಿದ್ದವು. ಎಂಜಿನ್ನಿನಿಂದ ಹೊರಬೀಳುವ ನೀರಿಗೆ ಕೈ ಒಡ್ಡಿದರೆ ತಟ್ಟನೆ ಹಿಂದಕ್ಕೆ ಎಳೆದುಕೊಳ್ಳುವಷ್ಟು ಬಿಸಿ ಇರಬೇಕು. ಕೊಳಾಯಿಯನ್ನು ಅಷ್ಟಕ್ಕೆ ಬಿಗಿ ಹಿಡಿಯಬೇಕು. ಬೋರಿನ ನೀರನ್ನು ಬಂದ ಹಾಗೇ ಧಾರಾಳವಾಗಿ ಬಿಟ್ಟರೆ ಗೋಡೆ ಆ ಬಿಸಿಗೆ ಏರುವುದೇ ಇಲ್ಲ.

ಇಂಥ ಲೈನರನ್ನು ಗುರುತಿಸುವುದು ಕಷ್ಟವಲ್ಲ. ಮೇಲ್ಭಾಗ ಹೊಳಪಿಲ್ಲದೆ, ಬೂದು ಬಣ್ಣಕ್ಕೆ ತಿರುಗಿ, ಬೆರಳಿಗೆ ಒರಟಾಗಿ ಹತ್ತುತ್ತದೆ. ಉದ್ದುದ್ದ ಗೀರುಗಳು ಕಡಿಮೆ. ಎಲ್ಲಕ್ಕಿಂತ ಮುಖ್ಯವಾಗಿ, ತಣ್ಣೀರು ಒಳಗೆ ಬರುವ ಬದಿಯಲ್ಲಿ ಸವೆತ ಜಾಸ್ತಿ ಕಂಡರೆ ಬೇರೆ ಸಾಕ್ಷಿ ಬೇಡ.

ದೂಳಿನ ಸಾಕ್ಷ್ಯ ಬೇರೆ ತರಹದ್ದು. ಗೋಡೆ ಹೊಳೆಯುತ್ತದೆ, ಆದರೆ ನೆಟ್ಟಗೆ ನಿಂತ ಸಣ್ಣ ಗೆರೆಗಳು ತುಂಬಿರುತ್ತವೆ. ಮೊದಲನೇ ರಿಂಗಿನ ಮುಖವೂ ಹಾಗೇ ಗೆರೆಗೆರೆ. ಪಿಸ್ಟನ್ನಿನಲ್ಲಿ ಅದು ಕೂರುವ ಗಾಡಿ, ಅಂದರೆ ಗ್ರೂವ್, ಅಗಲವಾಗಿ ರಿಂಗು ಲಟಲಟ ಆಡುತ್ತದೆ. ಮೇಲಿನ ರಿಂಗು ಕೆಳಗಿನವಕ್ಕಿಂತ ಬಹಳ ಸವೆದಿದ್ದರೆ ದೂಳು ಬಂದದ್ದು ಗಾಳಿಯ ದಾರಿಯಲ್ಲಿ. ಆಯಿಲ್ ರಿಂಗು ಮತ್ತು ಬೇರಿಂಗುಗಳು ಹೆಚ್ಚು ಕೆಟ್ಟಿದ್ದರೆ ಕಸ ಬಂದದ್ದು ಆಯಿಲಿನಲ್ಲಿ. ಮಂಡ್ಯದ ದೂಳಿಗೆ ಒಂದು ವಿಶೇಷವಿದೆ. ಕಬ್ಬು ಮಣ್ಣಿನಿಂದ ಸಿಲಿಕಾ ಹೀರಿ ಮೈಯಲ್ಲಿ ಇಟ್ಟುಕೊಳ್ಳುವ ಹುಲ್ಲಿನ ಜಾತಿ. ಅದರ ಸಿಪ್ಪೆ ಸುಟ್ಟ ಬೂದಿಯಲ್ಲಿ ದೊಡ್ಡ ಪಾಲು ಸಿಲಿಕಾ. ಸಿಮೆಂಟಿಗೆ ಬೆರೆಸಲು ಆ ಬೂದಿಯನ್ನು ಪರೀಕ್ಷಿಸುತ್ತಿರುವುದು ಅದಕ್ಕೇ. ಆಲೆಮನೆಯ ಒಲೆಗೆ ಹಾಕುವುದು ಒಣಗಿದ ಸಿಪ್ಪೆ, ಒಲೆಯ ಬೂದಿ ಹಾರಿ ಬೀಳುವುದು ಅಂಗಳದಲ್ಲಿ, ಅದೇ ಅಂಗಳದಲ್ಲಿ ಎಂಜಿನ್. ಏರ್ ಕ್ಲೀನರಿನ ಬಟ್ಟಲಲ್ಲಿ ಆಯಿಲ್ ಬತ್ತಿದ್ದರೆ, ಅಥವಾ ರಬ್ಬರ್ ಹೋಸ್ ಸೀಳಿದ್ದರೆ, ಎಂಜಿನ್ ಉಸಿರಾಡುವುದು ಉಪ್ಪು ಕಾಗದದ ಪುಡಿಯನ್ನೇ. ತರಗು ಸುಟ್ಟ ಗದ್ದೆಯಲ್ಲಿ ಉಳುವ ಟ್ರ್ಯಾಕ್ಟರಿನ ಕತೆಯೂ ಭಿನ್ನವಲ್ಲ. ಇಂಥ ಎಂಜಿನ್ನಿಗೆ ಎಷ್ಟು ಒಳ್ಳೆಯ ಕಿಟ್ ಹಾಕಿದರೂ ಆ ಸೀಳಿದ ಹೋಸು ಬದಲಿಸದಿದ್ದರೆ ಮುಂದಿನ ಸುಗ್ಗಿಗೆ ಬ್ಯಾಕ್ ಕಂಪ್ರೆಷನ್ ಹೊಡೆಯುತ್ತದೆ, ಅಂದರೆ ಉರಿಯ ಒತ್ತಡ ರಿಂಗು ದಾಟಿ ಕೆಳಗಿಳಿಯುತ್ತದೆ, ಆಯಿಲ್ ಕುಡಿಯುತ್ತದೆ.

ಅಳತೆಗೆ ಬರೋಣ. ಸರಿಯಾದ ಸಾಧನ ಡಯಲ್ ಬೋರ್ ಗೇಜ್. ಮೇಲೆ ಸ್ಟೆಪ್ಪಿನ ಕೆಳಗೆ, ನಡುವೆ, ತಳದಲ್ಲಿ, ಹೀಗೆ ಮೂರು ಎತ್ತರದಲ್ಲಿ, ಪ್ರತಿ ಎತ್ತರದಲ್ಲೂ ಕ್ರ್ಯಾಂಕಿನ ಉದ್ದಕ್ಕೆ ಒಂದು, ಅದಕ್ಕೆ ಅಡ್ಡಲಾಗಿ ಒಂದು, ಒಟ್ಟು ಆರು ಅಳತೆ. ಮೇಲಕ್ಕೂ ಕೆಳಕ್ಕೂ ಇರುವ ವ್ಯತ್ಯಾಸ ಟೇಪರ್. ಉದ್ದಕ್ಕೂ ಅಡ್ಡಕ್ಕೂ ಇರುವ ವ್ಯತ್ಯಾಸ ಓವಲ್. ಕನೆಕ್ಟಿಂಗ್ ರಾಡು ಓರೆಯಾಗಿ ತಳ್ಳುವುದರಿಂದ ಪಿಸ್ಟನ್ ಒರಗುವುದು ಕ್ರ್ಯಾಂಕಿಗೆ ಅಡ್ಡ ದಿಕ್ಕಿನಲ್ಲಿ. ಓವಲ್ ಆ ದಿಕ್ಕಿಗೆ ಇರುವುದು ಸಹಜ. ಕ್ರ್ಯಾಂಕಿನ ಉದ್ದಕ್ಕೆ ಓವಲ್ ಬಂದಿದ್ದರೆ ಕನೆಕ್ಟಿಂಗ್ ರಾಡು ಬಾಗಿದೆಯೇ ಎಂದು ನೋಡದೆ ಎಂಜಿನ್ ಕೂರಿಸಬಾರದು.

ಬೋರ್ ಗೇಜ್ ಇಲ್ಲದ ಕಡೆ ಒಂದು ಹಳೆಯ ಉಪಾಯವಿದೆ. ಹಳೆಯ ಪಠ್ಯಗಳಲ್ಲೂ ಇದು ಇದೆ, ಆದರೆ ಅದರ ಹಿಂದಿನ ಲೆಕ್ಕವನ್ನು ಬಿಡಿಸಿ ಹೇಳುವವರು ಕಡಿಮೆ. ಹೊಸದೊಂದು ರಿಂಗನ್ನು ಲೈನರಿನ ತಳಕ್ಕೆ, ಪಿಸ್ಟನ್ ರಿಂಗು ತಲುಪದ ಜಾಗಕ್ಕೆ, ಪಿಸ್ಟನ್ನಿನ ತಲೆಯಿಂದಲೇ ತಳ್ಳಿ ಮಟ್ಟವಾಗಿ ಕೂರಿಸಬೇಕು. ಬಾಯಿಯ ಸಂದನ್ನು ಫೀಲರ್ ಗೇಜಿನಲ್ಲಿ ಅಳೆಯಬೇಕು. ಅದೇ ರಿಂಗನ್ನು ಮೇಲೆ, ಸವೆದ ಗೆರೆಗೆ ತಂದು ಮತ್ತೆ ಅಳೆಯಬೇಕು. ತಳದಲ್ಲಿ 0.40 ಮಿ.ಮೀ., ಮೇಲೆ 1.18 ಮಿ.ಮೀ. ಬಂತು ಎಂದಿಟ್ಟುಕೊಳ್ಳಿ. ವ್ಯತ್ಯಾಸ 0.78. ರಿಂಗಿನ ಬಾಯಿ ತೆರೆಯುವುದು ಸುತ್ತಳತೆಯ ಲೆಕ್ಕದಲ್ಲಿ, ನಮಗೆ ಬೇಕಾದದ್ದು ವ್ಯಾಸ, ಆದ್ದರಿಂದ 3.14ರಿಂದ ಭಾಗಿಸಬೇಕು. 0.25 ಮಿ.ಮೀ. ಬರುತ್ತದೆ, ವರ್ಕ್‌ಶಾಪಿನ ಭಾಷೆಯಲ್ಲಿ ಹತ್ತು ತೌ (ತೌ ಎಂದರೆ ಇಂಚಿನ ಸಾವಿರದ ಒಂದು ಪಾಲು). ಸವೆತವನ್ನು ಮೂರು ಪಟ್ಟು ಹಿಗ್ಗಿಸಿ ತೋರಿಸುವ ಭೂತಗನ್ನಡಿಯನ್ನು ರಿಂಗು ಪುಕ್ಕಟೆಯಾಗಿ ಕೊಡುತ್ತದೆ. ಒಂದೇ ಕೊರತೆ: ಇದು ಸರಾಸರಿ ಹೇಳುತ್ತದೆ, ಓವಲ್ ಹೇಳುವುದಿಲ್ಲ. ಓವಲ್ ಇದ್ದಲ್ಲಿ ರಿಂಗಿನ ಹಿಂದೆ ದೀಪ ಹಿಡಿದರೆ ಸಂದಿನಲ್ಲಿ ಬೆಳಕು ತೂರಿ ಕಾಣುತ್ತದೆ, ಅಷ್ಟೆ.

ವೆಟ್ ಲೈನರಿಗೆ ಹೊರಮೈಯೂ ಒಳಮೈಯಷ್ಟೇ ಮುಖ್ಯ. ಬೋರಿನ ಉಪ್ಪುನೀರನ್ನೇ ರೇಡಿಯೇಟರಿಗೆ ಹುಯ್ದ ಎಂಜಿನ್ನಿನಲ್ಲಿ ಲೈನರಿನ ಸುತ್ತ ಸುಣ್ಣದ ಚಕ್ಕೆ ಕಟ್ಟಿರುತ್ತದೆ. ಒಂದು ಮಿ.ಮೀ. ಚಕ್ಕೆ ಶಾಖವನ್ನು ತಡೆಯುವುದು ಇಪ್ಪತ್ತೈದು ಮಿ.ಮೀ.ಗೂ ದಪ್ಪದ ಕಬ್ಬಿಣ ತಡೆದಷ್ಟು. ಹೊಲದ ಪಂಪಿನ ಎಂಜಿನ್ ತಣ್ಣಗಾಗಿ ಸಾಯುತ್ತದೆ, ಟ್ರ್ಯಾಕ್ಟರಿನ ಎಂಜಿನ್ ಬಿಸಿಯಾಗಿ ಸಾಯುತ್ತದೆ, ಎರಡಕ್ಕೂ ಒಂದೇ ಬೋರಿನ ನೀರು ಕಾರಣ. ಚಕ್ಕೆ ಕೆರೆದು ತೆಗೆದ ಮೇಲೆ ಕೆಲವೊಮ್ಮೆ ಒಂದು ಬದಿಯಲ್ಲಿ ಸೂಜಿಯಿಂದ ಚುಚ್ಚಿದಂಥ ಗುಂಡಿಗಳ ಸಾಲು ಕಾಣುತ್ತದೆ. ತುಕ್ಕು ಎಂದುಕೊಂಡು ಬಿಡುವವರಿದ್ದಾರೆ. ಪಿಸ್ಟನ್ ಗೋಡೆಗೆ ಬಡಿದಾಗಲೆಲ್ಲ ಲೈನರ್ ನಡುಗುತ್ತದೆ, ನಡುಗಿದಾಗ ನೀರಿನಲ್ಲಿ ಗುಳ್ಳೆಗಳೆದ್ದು ಒಡೆಯುತ್ತವೆ, ಒಡೆಯುವ ಗುಳ್ಳೆ ಕಬ್ಬಿಣವನ್ನು ಕೊರೆಯುತ್ತದೆ. ಹಾಗಾಗಿ ಆ ಗುಂಡಿಗಳು ಇರುವುದು ಪಿಸ್ಟನ್ ಒರಗುವ ಬದಿಯಲ್ಲೇ. ಗುಂಡಿ ಆಳವಿಲ್ಲದೆ ಒಳಮೈ ಮಿತಿಯೊಳಗಿದ್ದರೆ ಲೈನರನ್ನು ಕಾಲು ಸುತ್ತು ತಿರುಗಿಸಿ ಕೂರಿಸಿ ಇನ್ನಷ್ಟು ಕಾಲ ದುಡಿಸಬಹುದು. ಆಳವಾಗಿದ್ದರೆ ಲೈನರ್ ಹೊಸದು, ಅದರಲ್ಲಿ ಚೌಕಾಸಿ ಬೇಡ.

ಕೂರಿಸುವಾಗ ಹೆಚ್ಚು ತಪ್ಪಾಗುವುದು ಎರಡು ಕಡೆ. ಲೈನರಿನ ಅಂಚು ಬ್ಲಾಕಿನ ಮಟ್ಟಕ್ಕಿಂತ ಕಂಪನಿ ಹೇಳಿದಷ್ಟೇ, ಮಿಲಿಮೀಟರಿನ ಹತ್ತನೇ ಒಂದರ ಆಸುಪಾಸು, ಮೇಲೆದ್ದಿರಬೇಕು. ಕೂರುವ ಗಾಡಿಯಲ್ಲಿ ಹಳೆಯ ಕಸ ಉಳಿದಿದ್ದರೆ ಒಂದು ಬದಿ ಎದ್ದು, ಹೆಡ್ ಬಿಗಿದಾಗ ಅಂಚೇ ಸೀಳುತ್ತದೆ. ಇನ್ನೊಂದು, ತಳದ ರಬ್ಬರ್ ರಿಂಗು. ಅದು ತಿರುಚಿಕೊಂಡರೆ ಲೈನರನ್ನು ಹೊರಗಿನಿಂದ ಹಿಂಡುತ್ತದೆ. ಕೈಗೂ ಕಣ್ಣಿಗೂ ಗೊತ್ತಾಗದ ಈ ಹಿಂಡುವಿಕೆ ಬೋರ್ ಗೇಜಿಗೆ ಗೊತ್ತಾಗುತ್ತದೆ. ಕೂರಿಸಿದ ಮೇಲೆ ಮತ್ತೊಮ್ಮೆ ಅಳೆಯಬೇಕು. ಪಿಸ್ಟನ್ ಹಾಕುವ ಮುಂಚೆ ಬ್ಲಾಕಿಗೆ ನೀರು ತುಂಬಿ ಒಂದು ರಾತ್ರಿ ಬಿಟ್ಟು ನೋಡಬೇಕು.

ಡ್ರೈ ಲೈನರಿನ ಕತೆ ಸಂಕ್ಷೇಪದಲ್ಲಿ ಮುಗಿಯುತ್ತದೆ. ಪ್ರೆಸ್ಸಿಗೂ ಜಗ್ಗದ ಸ್ಲೀವಿನ ಒಳಗೆ ಮೇಲಿನಿಂದ ಕೆಳಗೆ ಒಂದು ವೆಲ್ಡಿಂಗ್ ಗೆರೆ ಎಳೆದರೆ, ಆರುವಾಗ ಸ್ಲೀವ್ ಕುಗ್ಗಿ ತಾನಾಗಿ ಸಡಿಲವಾಗುತ್ತದೆ. ಜಾಣ ಉಪಾಯ, ಒಪ್ಪುತ್ತೇನೆ. ಆದರೆ ಕಿತ್ತ ಮೇಲೆ ಬ್ಲಾಕಿನ ಮೂಲ ತೂತನ್ನು ಅಳೆಯದೆ ಹೊಸ ಸ್ಲೀವ್ ಹೊಡೆಯುವುದನ್ನು ಒಪ್ಪಲಾರೆ. ಮೂಲ ತೂತೇ ಓವಲ್ ಆಗಿದ್ದರೆ ಸ್ಲೀವ್ ಎಲ್ಲ ಕಡೆ ಅಂಟುವುದಿಲ್ಲ. ಅಂಟದ ಕಡೆ ಶಾಖ ದಾಟುವುದಿಲ್ಲ. ಅಲ್ಲೇ ಪಿಸ್ಟನ್ ಹಿಡಿಯುತ್ತದೆ.

ಕೊನೆಯ ಕೆಲಸ ಹೋನಿಂಗ್. ಬೋರ್ ಮಾಡಿದ ಗೋಡೆಯ ಮೇಲೆ ಹೋನಿಂಗ್ ಕಲ್ಲು ತಿರುಗುತ್ತಾ ಮೇಲೆ ಕೆಳಗೆ ಆಡಿ, ಚಾಪೆ ಹೆಣೆದಂಥ ಅಡ್ಡಗೆರೆ ಬಿಡಬೇಕು. ಗೆರೆಗಳ ನಡುವಿನ ಕೋನ ಸಾಮಾನ್ಯವಾಗಿ 45ರಿಂದ 60 ಡಿಗ್ರಿ. ಆ ಗೆರೆಗಳ ತಳದಲ್ಲಿ ಆಯಿಲ್ ನಿಲ್ಲುತ್ತದೆ, ಗೆರೆಗಳ ತಲೆಗೆ ಉಜ್ಜಿ ಹೊಸ ರಿಂಗು ಕೂರುತ್ತದೆ. ಹೊಳಪೇ ಒಳ್ಳೆಯದೆಂದು ಕನ್ನಡಿಯಂತೆ ತಿಕ್ಕಿದರೆ ರಿಂಗು ಕೂರುವುದೇ ಇಲ್ಲ. ಹೋನಿಂಗ್ ಆದ ಮೇಲೆ ಡೀಸೆಲ್ಲಿನಲ್ಲಿ ಒರೆಸಿ ಸರಿ ಎನ್ನುವುದು ರೂಢಿ. ಡೀಸೆಲ್ ಜಿಡ್ಡನ್ನು ತೆಗೆಯುತ್ತದೆ, ಗೆರೆಗಳಲ್ಲಿ ಹೂತ ಕಲ್ಲಿನ ಪುಡಿಯನ್ನು ಅಲ್ಲೇ ಬಿಡುತ್ತದೆ. ಬಿಸಿನೀರು, ಸೋಪಿನ ಪುಡಿ, ಬ್ರಷ್ಷು ಬೇಕು. ಒಣಗಿಸಿ, ಆಯಿಲ್ ಸವರಿ, ಬಿಳಿ ಪಂಚೆಯ ತುಂಡಿನಿಂದ ಉಜ್ಜಿದಾಗ ಬಟ್ಟೆ ಬೂದಾಗದೆ ಬಂದರೆ ತೊಳೆದದ್ದು ಮುಗಿಯಿತು. ಬೂದಾದರೆ ಮತ್ತೆ ತೊಳೆಯಬೇಕು. ಆಲೆಮನೆಯ ಬೂದಿ ಮಾಡುವ ಕೆಲಸವನ್ನೇ ಈ ಪುಡಿಯೂ ಮಾಡುತ್ತದೆ, ಮೊದಲ ದಿನದಿಂದಲೇ.

ಇಷ್ಟೆಲ್ಲ ಈಗ ಯಾಕೆ ಎಂದು ಕೇಳಬಹುದು. ಲೈನರ್, ಪಿಸ್ಟನ್, ರಿಂಗು, ಪಿನ್ನು ಎಲ್ಲ ಒಂದೇ ಡಬ್ಬಿಯಲ್ಲಿ ಕಿಟ್ಟಾಗಿ ಬರುತ್ತವೆ. ಅಳೆಯುವ ಕೂಲಿಗಿಂತ ಬದಲಿಸುವುದೇ ಅಗ್ಗ ಎನಿಸುತ್ತದೆ. ಅದರಲ್ಲಿ ಸುಳ್ಳಿಲ್ಲ. ಸುಗ್ಗಿಯ ನಡುವೆ ಟ್ರ್ಯಾಕ್ಟರ್ ನಿಂತವನಿಗೆ ಆರು ಅಳತೆಯ ಪಾಠ ಹೇಳಲು ಯಾರಿಗೂ ಬಾಯಿ ಬರುವುದಿಲ್ಲ. ಆದರೆ ಕಾರಣಗಳ ತೂಕವೇ ಈಚೆಗೆ ಬದಲಾಗಿದೆ. 1990ರ ದಶಕದ ಮೊದಲ ಭಾಗದವರೆಗೆ ನಮ್ಮ ಡೀಸೆಲ್ಲಿನಲ್ಲಿ ಶೇ. 1ರವರೆಗೆ, ಅಂದರೆ ಹತ್ತು ಲಕ್ಷ ಭಾಗಕ್ಕೆ 10,000 ಭಾಗದವರೆಗೆ ಗಂಧಕಕ್ಕೆ ಅವಕಾಶವಿತ್ತು. ಏಪ್ರಿಲ್ 2020ರಿಂದ ದೇಶದೆಲ್ಲೆಡೆ ಮಾರುವ ಡೀಸೆಲ್ಲಿನಲ್ಲಿ ಅದು 10 ಭಾಗ ಮೀರುವಂತಿಲ್ಲ. ಆಮ್ಲದ ಹಲ್ಲು ಬಹುಮಟ್ಟಿಗೆ ಉದುರಿದೆ. ದೂಳಿನ ಹಲ್ಲು ಮೊದಲಿದ್ದಷ್ಟೇ ಚೂಪು. ಹಳೆಯ ಕಾಲದ ಮೇಸ್ತ್ರಿ 'ಎಂಜಿನ್ ತಣ್ಣಗೆ ಓಡಿಸಬೇಡಿ' ಎಂದು ಹೇಳಿದ್ದು ಅಂದಿನ ಡೀಸೆಲ್ಲಿಗೆ ಸರಿಯಾದ ಮಾತು. ಇಂದು ಅದಕ್ಕಿಂತ ಮೊದಲು ಹೇಳಬೇಕಾದದ್ದು ಏರ್ ಕ್ಲೀನರಿನ ಮಾತು. ಈ ಬದಲಾವಣೆ ನಮ್ಮ ಮೂರು ತಾಲ್ಲೂಕಿನ ಎಂಜಿನ್ನುಗಳಲ್ಲಿ ಎಷ್ಟರಮಟ್ಟಿಗೆ ಆಗಿದೆ ಎಂದು ಹೇಳಬಲ್ಲದ್ದು ಹಿತ್ತಿಲ ರಾಶಿಯೊಂದೇ. 1962ರಿಂದ ಮಂಡ್ಯದಲ್ಲಿರುವ ಪಿಇಎಸ್ ಎಂಜಿನಿಯರಿಂಗ್ ಕಾಲೇಜಿನ ಹುಡುಗರಿಗೆ ಪ್ರಾಜೆಕ್ಟಿಗೆ ವಿಷಯ ಹುಡುಕುವ ಕಷ್ಟವಿದ್ದರೆ, ಈ ರಾಶಿ ಬಸ್ಸಿನ ದೂರದಲ್ಲಿದೆ.

ಎಂಜಿನ್ ಕೆಲಸ ಮಾಡುವ ಮೇಸ್ತ್ರಿಗಳಲ್ಲಿ ಒಂದು ವಿನಂತಿ. ಬ್ಲಾಕಿನಿಂದ ಕಿತ್ತ ಗಳಿಗೆಯಲ್ಲಿ ಲೈನರಿಗೆ ದಿಕ್ಕು ತಪ್ಪುತ್ತದೆ. ರೇಡಿಯೇಟರ್ ಕಡೆ ಯಾವುದು, ನೀರು ಬರುವ ಕಡೆ ಯಾವುದು ಎಂದು ಆಮೇಲೆ ಯಾರಿಗೂ ಹೇಳಲಾಗದು. ಕೀಳುವ ಮುಂಚೆ ಅದರ ಅಂಚಿನಲ್ಲಿ, ಎಂಜಿನ್ನಿನ ಮುಂಬದಿಗೆ ಬರುವ ಹಾಗೆ, ಬಣ್ಣದಲ್ಲಿ ಒಂದು ಚುಕ್ಕೆ ಇಡಿ. ಪಕ್ಕದಲ್ಲಿ ಸಿಲಿಂಡರಿನ ನಂಬರು ಬರೆಯಿರಿ. ಆಮೇಲೆ ಗುಜರಿಗೆ ಹಾಕಿದರೂ ಪರವಾಗಿಲ್ಲ, ಅಷ್ಟು ಹೊತ್ತಿಗೆ ನೀವು ಅದನ್ನು ಒಮ್ಮೆ ನೋಡಿರುತ್ತೀರಿ.